ಹೆಬ್ಬೆರಳಿಗೆ 25, ತೋರುಬೆರಳಿಗೆ 10: ನೂರು ವರ್ಷದ ಹಿಂದಿನ ಒಂದು ಪಟ್ಟಿ ಮತ್ತು ಇಂದಿನ ಕಾರ್ಮಿಕ ಸಂಹಿತೆ

ಪೀಣ್ಯದ ಸಣ್ಣ ಶೆಡ್ಡುಗಳಲ್ಲಿ ವರ್ಷಗಟ್ಟಲೆ ಪವರ್ ಪ್ರೆಸ್ ಮೇಲೆ ದುಡಿದವರ ಕೈ ಕುಲುಕಿದ್ದೀರಾ? ಎಲ್ಲೋ ಒಂದು ಬೆರಳು ಗಿಡ್ಡವಾಗಿರುವುದು ಕಣ್ಣಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಹಾಗೆ ಹೋದ ಬೆರಳಿಗೆ ನಮ್ಮ ಕಾನೂನು ಒಂದು ಲೆಕ್ಕ ಇಟ್ಟಿದೆ. ಆ ಲೆಕ್ಕ ಶುರುವಾದದ್ದು 1923ರಲ್ಲಿ.

ಆ ವರ್ಷ ಬಂದ ಕಾರ್ಮಿಕರ ಪರಿಹಾರ ಕಾಯ್ದೆಯ ಕೊನೆಗೆ ಒಂದು ಅನುಸೂಚಿ ಇದೆ. ಬಲಗೈ ಮೊಣಕೈಯಿಂದ ಮೇಲಕ್ಕೆ ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 70 ನಷ್ಟ. ಎಡಗೈಯಾದರೆ ಶೇ 60. ಮಂಡಿಯಿಂದ ಮೇಲಕ್ಕೆ ಕಾಲು ಹೋದರೂ 60. ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10, ಉಳಿದ ಯಾವ ಬೆರಳಾದರೂ 5. ತಿಂಗಳಿಗೆ 20 ರೂಪಾಯಿ ಕೂಲಿಯ ಗಿರಣಿ ಕಾರ್ಮಿಕನನ್ನು ಇಟ್ಟುಕೊಂಡು ಲೆಕ್ಕ ಹಾಕೋಣ. ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾರದಂತೆ ಆದರೆ 42 ತಿಂಗಳ ಕೂಲಿ, ಅಂದರೆ 840 ರೂಪಾಯಿ. ಹೆಬ್ಬೆರಳಿಗೆ ಅದರ ಕಾಲು ಭಾಗ, 210. ತೋರುಬೆರಳಿಗೆ 84. ಸತ್ತೇ ಹೋದರೆ 30 ತಿಂಗಳ ಕೂಲಿ, 600.

ಓದಿದಾಗ ಸಂಕಟವಾಗುತ್ತದೆ. ಮನುಷ್ಯನ ಮೈಯನ್ನು ಮಾಂಸದಂಗಡಿಯ ದರಪಟ್ಟಿಯಂತೆ ಬಿಡಿಬಿಡಿಯಾಗಿ ಬರೆದಿಟ್ಟಿದ್ದಾರಲ್ಲ ಅನಿಸುತ್ತದೆ. ಆದರೆ ಈ ಪಟ್ಟಿ ಬರುವ ಮೊದಲು ಏನಿತ್ತು ಎಂದು ಕೇಳಿಕೊಂಡಾಗ ನನ್ನ ಅಭಿಪ್ರಾಯ ಬದಲಾಯಿತು. ಅದಕ್ಕೂ ಮುಂಚೆ ಗಾಯಗೊಂಡವನು ಕೋರ್ಟಿಗೆ ಹೋಗಿ ಮಾಲೀಕನದೇ ತಪ್ಪು ಎಂದು ಸಾಬೀತು ಮಾಡಬೇಕಿತ್ತು. ಜೊತೆಗಾರನ ಅಚಾತುರ್ಯದಿಂದ ಆದದ್ದು, ಅಪಾಯ ಗೊತ್ತಿದ್ದೇ ಕೆಲಸಕ್ಕೆ ಬಂದೆ ಎಂಬ ವಾದಗಳು ಇಂಗ್ಲಿಷ್ ಕಾನೂನಿನ ಬತ್ತಳಿಕೆಯಲ್ಲಿ ಸಿದ್ಧವಾಗಿದ್ದವು. 20 ರೂಪಾಯಿ ಕೂಲಿಯವನು ವಕೀಲರನ್ನು ಎಲ್ಲಿಂದ ತರಬೇಕು? 1923ರ ಕಾಯ್ದೆ ತಪ್ಪು ಯಾರದು ಎಂಬ ಪ್ರಶ್ನೆಯನ್ನೇ ಬದಿಗಿಟ್ಟಿತು. ಅಪಘಾತ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆಗಿದ್ದರೆ ಸಾಕು, ಮಾಲೀಕ ಕೊಡಬೇಕು. ಕುಡಿದಿದ್ದ, ಬೇಕಂತಲೇ ಸುರಕ್ಷತಾ ಸಾಧನ ಕಿತ್ತುಹಾಕಿದ್ದ ಎಂಬಂಥ ಕೆಲವು ವಿನಾಯಿತಿಗಳಿದ್ದವು. 1933ರ ತಿದ್ದುಪಡಿಯ ನಂತರ ಕಾರ್ಮಿಕ ಸತ್ತ ಪ್ರಕರಣಗಳಲ್ಲಿ ಅವೂ ನಡೆಯದಂತಾದವು. ಸತ್ತವನ ಹಣವನ್ನು ಮಾಲೀಕ ನೇರವಾಗಿ ಹೆಂಡತಿಯ ಕೈಗೆ ಕೊಡುವಂತಿರಲಿಲ್ಲ, ಪರಿಹಾರದ ಪ್ರಕರಣ ನೋಡುವ ಸರ್ಕಾರಿ ಕಮಿಷನರ್ ಬಳಿ ಠೇವಣಿ ಇಡಬೇಕಿತ್ತು. ಅಕ್ಷರ ಬಾರದ ವಿಧವೆಯ ಹೆಬ್ಬೆಟ್ಟನ್ನು ಐವತ್ತು ರೂಪಾಯಿಗೆ ಒತ್ತಿಸಿಕೊಂಡು ಕೈತೊಳೆದುಕೊಳ್ಳುವ ದಾರಿಯನ್ನು ಆ ಒಂದು ಕಲಂ ಮುಚ್ಚಿತು.

ಈ ಹಳೆಯ ಕಾಯ್ದೆಯ ಮಾತು ಈಗೇಕೆ ಎಂದರೆ, 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 29 ಕಾಯ್ದೆಗಳು ಅವುಗಳೊಳಗೆ ಸೇರಿಹೋದವು. 1923ರ ಪರಿಹಾರ ಕಾಯ್ದೆ, 1926ರ ಕಾರ್ಮಿಕ ಸಂಘಗಳ ಕಾಯ್ದೆ, 1936ರ ವೇತನ ಪಾವತಿ ಕಾಯ್ದೆ ಮೂರೂ ಅದರಲ್ಲಿವೆ. ಮೂರೂ ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದವು. ವಸಾಹತು ಕಾಲದ ಕಾನೂನುಗಳಿಂದ ಬಿಡುಗಡೆ ಎಂದು ಸರ್ಕಾರ ಹೇಳುತ್ತಿದೆ. ಹೋರಾಡಿ ಪಡೆದದ್ದು ಕೈಬಿಟ್ಟುಹೋಯಿತು ಎಂದು ಸಂಘಟನೆಗಳು ಹೇಳುತ್ತಿವೆ. ಆ ಇಪ್ಪತ್ತು ವರ್ಷಗಳಲ್ಲಿ ನಿಜಕ್ಕೂ ಏನು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ನೋಡದೆ ಈ ಎರಡು ಮಾತುಗಳನ್ನು ತೂಗಲು ಬರುವುದಿಲ್ಲ.

ಮೊದಲನೆಯದಾಗಿ, ಅವು ದೊರೆಗಳ ಕರುಣೆಯಿಂದ ಬಂದ ಕಾನೂನುಗಳಲ್ಲ. 1918ರಿಂದ 1921ರವರೆಗೆ ಬೆಲೆ ಗಗನಕ್ಕೇರಿತ್ತು, ಕೂಲಿ ಅಲ್ಲೇ ಇತ್ತು. ಮುಂಬೈ, ಮದ್ರಾಸು, ಕಾನ್ಪುರ, ಅಹಮದಾಬಾದ್ ಎಲ್ಲ ಕಡೆ ಮುಷ್ಕರ. ರಷ್ಯಾದಲ್ಲಿ ಕ್ರಾಂತಿ ಆಗಿತ್ತು. ಯುದ್ಧ ಗೆದ್ದ ದೇಶಗಳು ವರ್ಸೇಲ್ಸ್ ಒಪ್ಪಂದದಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗೆ ಜಾಗ ಕೊಟ್ಟಿದ್ದವು. 1919ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಅದರ ಮೊದಲ ಸಮ್ಮೇಳನಕ್ಕೆ ಭಾರತದ ಕಾರ್ಮಿಕರ ಪರವಾಗಿ ಹೋದವರು ಎನ್.ಎಂ. ಜೋಶಿ. ಅಲ್ಲಿ ಮಾಡಿದ ಮೊದಲ ನಿಯಮ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ದುಡಿಮೆ. ಭಾರತಕ್ಕೆ ಮಾತ್ರ ಅದರಲ್ಲೇ ಬೇರೆ ಕಲಂ ಬರೆದು ವಾರಕ್ಕೆ 60 ಗಂಟೆ ಎಂದರು. 1922ರಲ್ಲಿ ಕಾರ್ಖಾನೆ ಕಾಯ್ದೆಗೆ ಅದು ಸೇರಿತು. 54 ಗಂಟೆಗೆ ಇಳಿಯಲು 1934ರವರೆಗೆ ಕಾಯಬೇಕಾಯಿತು. ಇಷ್ಟಾದರೂ ಆದದ್ದರಲ್ಲಿ ಲ್ಯಾಂಕಾಶೈರ್ ಗಿರಣಿ ಮಾಲೀಕರ ಸ್ವಾರ್ಥವೂ ಇತ್ತು. ಮುಂಬೈ ಗಿರಣಿಗಳು ರಾತ್ರಿ ಹಗಲು ಓಡಿ ತಮ್ಮ ಬಟ್ಟೆಯ ಮಾರುಕಟ್ಟೆ ಕಿತ್ತುಕೊಳ್ಳಬಾರದು ಎಂಬ ಲೆಕ್ಕಾಚಾರ ಅವರದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಜಿನೀವಾ ಸಮ್ಮೇಳನಗಳಿಗೆ ಭಾರತದ ಕಾರ್ಮಿಕ ಪ್ರತಿನಿಧಿಯನ್ನು ಆರಿಸಿ ಕಳಿಸಲು ದೇಶಮಟ್ಟದ ಸಂಘಟನೆ ಬೇಕಾಗಿತ್ತು. 1920ರ ಅಕ್ಟೋಬರ್ 31ರಂದು ಮುಂಬೈಯಲ್ಲಿ ಎಐಟಿಯುಸಿ, ಅಂದರೆ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್, ಹುಟ್ಟಲು ಅದೂ ಒಂದು ಕಾರಣ. ಮೊದಲ ಅಧ್ಯಕ್ಷರು ಲಾಲಾ ಲಜಪತ್ ರಾಯ್.

ಸಂಘದ ಕಾಯ್ದೆಯ ಬೇರು ಇರುವುದು ಮದ್ರಾಸಿನಲ್ಲಿ. ಅಲ್ಲಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳನ್ನು ನಡೆಸುತ್ತಿದ್ದದ್ದು ಬಿನ್ನಿ ಕಂಪನಿ, ಬೆಂಗಳೂರಿಗರಿಗೆ ಬಿನ್ನಿ ಮಿಲ್ ಎಂದು ಗೊತ್ತಿರುವ ಅದೇ ಬಿನ್ನಿ. 1918ರ ಏಪ್ರಿಲ್‌ನಲ್ಲಿ ಬಿ.ಪಿ. ವಾಡಿಯಾ ಮತ್ತು ಜೊತೆಗಾರರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು. 1920ರಲ್ಲಿ ತಕರಾರು ಜೋರಾದಾಗ ಕಂಪನಿ ಹೈಕೋರ್ಟಿಗೆ ಹೋಯಿತು: ಕೆಲಸಗಾರರು ನಮ್ಮೊಡನೆ ಮಾಡಿಕೊಂಡ ಕರಾರು ಮುರಿಯುವಂತೆ ಇವರು ಚಿತಾವಣೆ ಮಾಡುತ್ತಿದ್ದಾರೆ, ನಷ್ಟ ಕಟ್ಟಿಕೊಡಲಿ. ಕೋರ್ಟು ತಡೆಯಾಜ್ಞೆ ಕೊಟ್ಟಿತು. ಮುಷ್ಕರ ಮಾಡಿ ಎಂದು ಹೇಳುವುದೇ ಕಾನೂನಿನ ಕಣ್ಣಿಗೆ ತಪ್ಪಾಯಿತು. ಕೊನೆಗೆ ವಾಡಿಯಾ ಸಂಘದಿಂದ ದೂರ ಸರಿಯಬೇಕಾಯಿತು, ಆಮೇಲೆ ಮೊಕದ್ದಮೆ ನಿಂತಿತು. 1921ರಲ್ಲಿ ಎನ್.ಎಂ. ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳಿಗೆ ರಕ್ಷಣೆ ಬೇಕೆಂದು ನಿರ್ಣಯ ತಂದರು. ಕಾಯ್ದೆ ಬಂದದ್ದು 1926ರಲ್ಲಿ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ನೋಂದಾಯಿತ ಸಂಘದ ಪದಾಧಿಕಾರಿಗಳ ಮೇಲೆ ಒಳಸಂಚಿನ ಕೇಸು, ಕರಾರು ಮುರಿಸಿದರೆಂಬ ಸಿವಿಲ್ ದಾವೆ ಹಾಕುವಂತಿಲ್ಲ. ಆದರೆ ಆ ಸಂಘದ ಜೊತೆ ಮಾಲೀಕ ಮಾತಿಗೆ ಕೂರಲೇಬೇಕು ಎಂದು ಕಾಯ್ದೆ ಎಲ್ಲೂ ಹೇಳಲಿಲ್ಲ. ಸ್ವಾತಂತ್ರ್ಯ ಬಂದ ವರ್ಷವೇ ಮಾನ್ಯತೆಗಾಗಿ ತಿದ್ದುಪಡಿ ಪಾಸಾಯಿತು, ಜಾರಿಯಾಗಲೇ ಇಲ್ಲ. ಶೇ 51 ಸದಸ್ಯರಿರುವ ಸಂಘವನ್ನು ಮಾತುಕತೆಯ ಸಂಘ ಎಂದು ಒಪ್ಪಬೇಕು ಎಂಬ ಹೊಸ ಸಂಹಿತೆಯ ಮಾತು ಆ ಹಳೆಯ ಬಾಕಿಯನ್ನು ತೀರಿಸುತ್ತದೆ. ಅದನ್ನು ಒಪ್ಪಿಕೊಳ್ಳಲೇಬೇಕು.

ಇಲ್ಲಿ ನಮ್ಮ ಭಾಗದ ಒಂದು ಮಾತು. ಮದ್ರಾಸಿನ ಬಿನ್ನಿ ಕಾರ್ಮಿಕನಿಗೆ 1926ರ ಕಾಯ್ದೆ ಅನ್ವಯಿಸಿತು. ಅದೇ ಕಂಪನಿಯ ಬೆಂಗಳೂರು ಗಿರಣಿಯವನಿಗೆ ಇಲ್ಲ, ಏಕೆಂದರೆ ಅದು ಮೈಸೂರು ಸಂಸ್ಥಾನ. ಮಾದರಿ ಸಂಸ್ಥಾನ ಎಂದು ಹೆಸರಾದ ಮೈಸೂರಿನಲ್ಲಿ ಸಂಘಗಳಿಗೆ ಕಾನೂನಿನ ಚೌಕಟ್ಟು ಬಂದದ್ದು 1940ರ ದಶಕದ ಆರಂಭದಲ್ಲಿ. ಕೊಡಗಿನ ಕಥೆ ಇನ್ನೂ ಕಟು. ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟು ಹೋದವನನ್ನು ಜೈಲಿಗೆ ಹಾಕಲು ಬಿಡುವ 1859ರ ಕಾಯ್ದೆಯನ್ನು ಬ್ರಿಟಿಷ್ ಭಾರತ 1926ರಲ್ಲಿ ಕೈಬಿಟ್ಟಿತು. ಕೊಡಗಿನ ಕಾಫಿ ತೋಟಗಳಿಗೆ ಮಾತ್ರ ಅದೇ ವರ್ಷ ಬೇರೆ ಕಾಯ್ದೆ ಮಾಡಿ, ಆ ಶಿಕ್ಷೆಯನ್ನು ಇನ್ನೂ ಕೆಲವು ವರ್ಷ ಉಳಿಸಿಕೊಂಡರು. ಒಂದೇ ಕಾಲದಲ್ಲಿ ಒಬ್ಬ ಕಾರ್ಮಿಕನಿಗೆ ಕೆಲಸ ನಿಲ್ಲಿಸುವ ಹಕ್ಕು, ಘಟ್ಟದ ಮೇಲಿನ ಇನ್ನೊಬ್ಬನಿಗೆ ಕೆಲಸ ಬಿಟ್ಟದ್ದಕ್ಕೆ ಸೆರೆಮನೆ.

ಮುಷ್ಕರದ ಹಕ್ಕನ್ನು ಕೊಟ್ಟ ಮೂರೇ ವರ್ಷಕ್ಕೆ ಅದಕ್ಕೆ ಬೇಲಿಯನ್ನೂ ಹಾಕಿದರು. 1928ರಲ್ಲಿ ಮುಂಬೈ ಗಿರಣಿಗಳು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮುಚ್ಚಿದ್ದವು, ಸುಮಾರು ಒಂದೂವರೆ ಲಕ್ಷ ಜನ ಹೊರಗಿದ್ದರು. ಮರುವರ್ಷ ಟ್ರೇಡ್ ಡಿಸ್ಪ್ಯೂಟ್ಸ್ ಮಸೂದೆ ಬಂತು. 1929ರ ಏಪ್ರಿಲ್ 8ರಂದು ದೆಹಲಿಯ ಶಾಸನಸಭೆಯಲ್ಲಿ ಆ ಮಸೂದೆಗೆ ಒಪ್ಪಿಗೆ ಸಿಕ್ಕಿ, ಪಬ್ಲಿಕ್ ಸೇಫ್ಟಿ ಮಸೂದೆಯ ಮೇಲೆ ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ರೂಲಿಂಗ್ ಕೊಡಲು ಎದ್ದಾಗಲೇ ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತ ಬಾಂಬ್ ಎಸೆದದ್ದು. ಬಾಂಬಿನ ಕಥೆ ಎಲ್ಲರ ಬಾಯಲ್ಲಿದೆ. ಆ ಹೊತ್ತಿನಲ್ಲಿ ಸಭೆಯ ಮುಂದಿದ್ದದ್ದು ಕಾರ್ಮಿಕರ ಕಾನೂನು ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ.

ಆ ಕಾಯ್ದೆ ಹೇಳಿದ್ದೇನು? ರೈಲು, ಅಂಚೆ, ನೀರು, ಬೆಳಕಿನಂಥ ಸಾರ್ವಜನಿಕ ಸೇವೆಗಳಲ್ಲಿ ತಿಂಗಳ ಸಂಬಳದವರು 14 ದಿನ ಮೊದಲೇ ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ. ಮಾಡಿದರೆ ಒಂದು ತಿಂಗಳವರೆಗೆ ಸಜೆ, ಇಲ್ಲವೇ 50 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 1947ರ ಕೈಗಾರಿಕಾ ವಿವಾದ ಕಾಯ್ದೆಯೂ ನೋಟಿಸಿನ ನಿಯಮವನ್ನು ಸಾರ್ವಜನಿಕ ಸೇವೆಗಳಿಗೇ ಸೀಮಿತಗೊಳಿಸಿತ್ತು. ಈಗಿನ ಕೈಗಾರಿಕಾ ಸಂಬಂಧಗಳ ಸಂಹಿತೆ ಅದೇ 14 ದಿನಗಳನ್ನು ಎಲ್ಲ ಕೈಗಾರಿಕೆಗಳಿಗೂ ಹಾಸಿದೆ. ಬಿಸ್ಕತ್ತು ಕಾರ್ಖಾನೆಗೂ ರೈಲಿಗೂ ವ್ಯತ್ಯಾಸವಿಲ್ಲ. ರಾಜಿ ಸಂಧಾನ ನಡೆಯುತ್ತಿರುವಾಗಲೂ, ಅದು ಮುಗಿದ ಏಳು ದಿನವೂ ಮುಷ್ಕರ ನಿಷಿದ್ಧ. ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಜನ ಒಟ್ಟಾಗಿ ರಜೆ ಹಾಕಿದರೆ ಅದೂ ಮುಷ್ಕರವೇ. ಸಜೆ ಅಂದಿನಂತೆಯೇ ಒಂದು ತಿಂಗಳವರೆಗೆ. ದಂಡ ಮಾತ್ರ ಏರಿದೆ: ಕನಿಷ್ಠ 1,000, ಗರಿಷ್ಠ 10,000 ರೂಪಾಯಿ. ವಸಾಹತು ಕಾಲದ ಕಾನೂನಿನಿಂದ ಬಿಡುಗಡೆ ಎನ್ನುವವರು ಈ ಕಲಮನ್ನು 1929ರ ಕಲಮಿನ ಪಕ್ಕ ಇಟ್ಟು ಓದಬೇಕು. ಅಂದಿನ ಸರ್ಕಾರ ರೈಲಿಗೆ ಹಾಕಿದ್ದ ಬೇಲಿಯನ್ನು ನಾವು ಇಡೀ ದೇಶಕ್ಕೆ ಹಾಕಿಕೊಂಡಿದ್ದೇವೆ. ನನಗೆ ಇದು ಸರಿಯೆನಿಸುವುದಿಲ್ಲ.

ವೇತನ ಪಾವತಿ ಕಾಯ್ದೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾರ್ಮಿಕರ ಸ್ಥಿತಿಗತಿ ನೋಡಲು 1929ರಲ್ಲಿ ನೇಮಕವಾದ ವಿಟ್ಲಿ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಬಹುತೇಕ ಕೈಗಾರಿಕಾ ಊರುಗಳಲ್ಲಿ ಮೂರರಲ್ಲಿ ಎರಡು ಪಾಲು ಕುಟುಂಬಗಳು ಸಾಲದಲ್ಲಿವೆ, ಹೆಚ್ಚಿನವರ ಸಾಲ ಮೂರು ತಿಂಗಳ ಕೂಲಿಗಿಂತ ಜಾಸ್ತಿ ಎಂದು ಅದು ಬರೆಯಿತು. ಬಟವಾಡೆ ತಡವಾದಷ್ಟೂ ಸಾಲ, ಸಾಲ ಮಾಡಿದಷ್ಟೂ ಬಡ್ಡಿ. 1936ರ ಕಾಯ್ದೆ ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ಏಳನೇ ತಾರೀಖಿನೊಳಗೆ, ಉಳಿದೆಡೆ ಹತ್ತರೊಳಗೆ ಸಂಬಳ ಎಂದಿತು. ಜುಲ್ಮಾನೆ ರೂಪಾಯಿಗೆ ಅರ್ಧಾಣೆ ಮೀರಬಾರದು. ಅರ್ಧಾಣೆ ಎಂದರೆ ಶೇ 3ಕ್ಕಿಂತ ಒಂದಿಷ್ಟು ಹೆಚ್ಚು. ಇಂದಿನ ವೇತನ ಸಂಹಿತೆಯಲ್ಲಿ ಜುಲ್ಮಾನೆಯ ಮಿತಿ ಶೇ 3. ತಿಂಗಳ ಸಂಬಳದವರು ಬ್ಯಾಂಕಿನ ಮೆಸೇಜಿಗೆ ಏಳರೊಳಗೆ ಕಾಯುವ ಅಭ್ಯಾಸದ ಹಿಂದೆ ಈ ಕಾಯ್ದೆ ಇದೆ.

ಆ ಕಾಲದವರು ಮಾಡಿದ ಒಂದು ಆಯ್ಕೆಯನ್ನು ಮಾತ್ರ ನಾವು ಇನ್ನೂ ಅನುಭವಿಸುತ್ತಿದ್ದೇವೆ: ಹಣ ಯಾರ ಜೇಬಿನಿಂದ ಬರಬೇಕು? ಪರಿಹಾರವಾಗಲಿ ಹೆರಿಗೆ ಭತ್ಯೆಯಾಗಲಿ ಆಯಾ ಮಾಲೀಕನೇ ಕೊಡಬೇಕೆಂದು ಭಾರತದಲ್ಲಿ ಮಾಡಿದರು. ಎಲ್ಲರೂ ಸೇರಿ ಕಟ್ಟುವ ನಿಧಿ ಇರಲಿಲ್ಲ, ವಿಮೆ ಕಡ್ಡಾಯವಿರಲಿಲ್ಲ. ಎನ್.ಎಂ. ಜೋಶಿಯವರು ಕೇಂದ್ರದಲ್ಲಿ ತಂದ ಹೆರಿಗೆ ಭತ್ಯೆ ಮಸೂದೆ ಬಿದ್ದುಹೋಯಿತು. ಮುಂಬೈ ಶಾಸನ ಮಂಡಳಿಯಲ್ಲಿ ಅದೇ ವಿಷಯ ಬಂದಾಗ, 1928ರ ಜುಲೈ 28ರಂದು ಅಂಬೇಡ್ಕರ್ ಮಸೂದೆಯ ಪರವಾಗಿ ಮಾತಾಡಿದರು. ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ. ಆದ್ದರಿಂದ ಈ ಭಾರ ಮುಖ್ಯವಾಗಿ ಸರ್ಕಾರದ್ದು ಎಂದು ಅವರು ಒಪ್ಪಿದರು, ಹಾಗೆಂದು ಮಾಲೀಕನನ್ನು ಪೂರ್ತಿ ಬಿಟ್ಟುಬಿಡಲೂ ಒಪ್ಪಲಿಲ್ಲ. 1929ರಲ್ಲಿ ಕಾಯ್ದೆ ಬಂತು: ಹೆರಿಗೆಗೆ ಮುಂಚೆ ಮೂರು ವಾರ, ಆಮೇಲೆ ನಾಲ್ಕು ವಾರ, ದಿನಕ್ಕೆ ಎಂಟಾಣೆ. ಪೂರ್ತಿ ಮಾಲೀಕನ ಮೇಲೆ. ಮುಂದಿನ ದಶಕದಲ್ಲಿ ಮುಂಬೈ ಗಿರಣಿಗಳಲ್ಲಿ ಹೆಂಗಸರ ಪಾಲು ಇಳಿಯಿತು. ರಾತ್ರಿ ಪಾಳಿಯ ನಿರ್ಬಂಧ, ಹೊಸ ಯಂತ್ರಗಳು ಕೂಡ ಕಾರಣ, ಒಪ್ಪೋಣ. ಆದರೆ ಹೆಂಗಸನ್ನು ಇಟ್ಟುಕೊಂಡರೆ ಖರ್ಚು ಎಂಬ ಲೆಕ್ಕವನ್ನು ಕಾಯ್ದೆಯೇ ಮಾಲೀಕನ ಕೈಗೆ ಕೊಟ್ಟಿತ್ತು. 2017ರಲ್ಲಿ ರಜೆಯನ್ನು 26 ವಾರಕ್ಕೆ ಏರಿಸಿದಾಗ ನಾವು ಅದೇ ದಾರಿ ಹಿಡಿದೆವು. ಇಎಸ್‌ಐ ಎಂಬ ನೌಕರರ ರಾಜ್ಯ ವಿಮೆ ಇಲ್ಲದ ಕಡೆ ಇಡೀ ಸಂಬಳ ಮಾಲೀಕನೇ ಕೊಡಬೇಕು. ಸಂಹಿತೆಯೂ ಅದನ್ನು ಹಾಗೆಯೇ ಇಟ್ಟಿದೆ. ಅಂಬೇಡ್ಕರ್ ತೋರಿಸಿದ್ದ ಸರ್ಕಾರದ ಪಾಲು ಇನ್ನೂ ಖಾಲಿ.

ನಿಧಿ ಕಟ್ಟಿದ ದೇಶಗಳಿದ್ದವು. ಜರ್ಮನಿ 1927ರಲ್ಲಿ ನಿರುದ್ಯೋಗ ವಿಮೆ ತಂದಿತು. ಕೂಲಿಯ ಶೇ 3, ಮಾಲೀಕ ಅರ್ಧ, ಕಾರ್ಮಿಕ ಅರ್ಧ. ಸುಮಾರು 8 ಲಕ್ಷ ಜನರಿಗೆ ಸಾಕಾಗುವಂತೆ ಲೆಕ್ಕ ಹಾಕಿದ್ದರು. ಎರಡೇ ವರ್ಷಕ್ಕೆ ಮಹಾ ಕುಸಿತ ಬಂತು. ವಂತಿಗೆಯನ್ನು ಇನ್ನಷ್ಟು ಏರಿಸಬೇಕೇ ಬೇಡವೇ ಎಂಬ ಜಗಳದಲ್ಲಿ, ಶೇಕಡಾ ಒಂದು ಅಂಶವೂ ಇಲ್ಲದ ವ್ಯತ್ಯಾಸಕ್ಕಾಗಿ, 1930ರ ಮಾರ್ಚ್ 27ರಂದು ಹರ್ಮನ್ ಮ್ಯೂಲರ್ ಸರ್ಕಾರ ಬಿತ್ತು. ವೈಮಾರ್ ಗಣರಾಜ್ಯ ಎಂದು ಕರೆಯುವ ಆಗಿನ ಜರ್ಮನಿಯಲ್ಲಿ ಸಂಸತ್ತಿನ ಬಹುಮತದ ಮೇಲೆ ನಿಂತ ಕೊನೆಯ ಸರ್ಕಾರ ಅದು. 1932ರ ಆರಂಭಕ್ಕೆ ನಿರುದ್ಯೋಗಿಗಳು 60 ಲಕ್ಷ. ಮುಂದೆ ಯಾರು ಬಂದರೆಂದು ಹೇಳಬೇಕಿಲ್ಲ. ನಿಧಿ ಇದ್ದರಷ್ಟೇ ಸಾಲದು, ಅದು ಬತ್ತಿದಾಗ ಸರ್ಕಾರ ತುಂಬುತ್ತದೆಯೇ ಎಂಬುದನ್ನು ಕಾನೂನೇ ಬರೆದಿಡಬೇಕು. ಭಾರತದಲ್ಲಿ ಕಾಯಿಲೆಗೆ ವಿಮೆಯ ಮಾತು 1927ರ ಜಿನೀವಾ ಸಮ್ಮೇಳನದಿಂದಲೂ ಇತ್ತು. ಅದು ಇಎಸ್‌ಐ ಕಾಯ್ದೆಯಾಗಿ ಬಂದದ್ದು 1948ರಲ್ಲಿ.

ಅಪಘಾತ ಕಣ್ಣಿಗೆ ಕಾಣುತ್ತದೆ, ಕಾಯಿಲೆ ಕಾಣುವುದಿಲ್ಲ. ಕೆಜಿಎಫ್ ಗಣಿಗಳಲ್ಲಿ ಕಲ್ಲು ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹೋಗಿ ಕೂರುತ್ತಿತ್ತು. 1923ರ ಬ್ರಿಟಿಷ್ ಭಾರತದ ಪಟ್ಟಿಯಲ್ಲಿ ಸೀಸದ ವಿಷ, ರಂಜಕದ ವಿಷದಂಥ ಬೆರಳೆಣಿಕೆಯ ಕಾಯಿಲೆಗಳಿದ್ದವೇ ಹೊರತು ಈ ಧೂಳಿನಿಂದ ಬರುವ ಸಿಲಿಕೋಸಿಸ್ ಇರಲಿಲ್ಲ. ಮೈಸೂರು ಅದನ್ನು ಪರಿಹಾರಕ್ಕೆ ಅರ್ಹ ಎಂದು ಒಪ್ಪಿದ್ದು 1940ರಲ್ಲಿ. ಒಪ್ಪಿದ ಮೇಲೆ ಪರೀಕ್ಷೆ ಶುರುವಾಯಿತು: 1946ರವರೆಗೆ ನೋಡಿದ 7,653 ಕಾರ್ಮಿಕರಲ್ಲಿ 3,402 ಜನರಿಗೆ ಸಿಲಿಕೋಸಿಸ್ ಇತ್ತು. ನೂರಕ್ಕೆ ನಲವತ್ತಕ್ಕೂ ಹೆಚ್ಚು. ಕಾಯಿಲೆ ಮೊದಲೂ ಇತ್ತು; ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಎಣಿಸುವವರಿರಲಿಲ್ಲ. ಇದೇ ಗಣಿಗಳಲ್ಲಿ ಹತ್ತು ವರ್ಷ ಹಿಂದೆ, 1930ರಲ್ಲಿ, ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸುವ ನಿಯಮ ಬಂದಾಗ ಸಾವಿರಾರು ಜನ ಮೂರು ವಾರ ಕೆಲಸ ನಿಲ್ಲಿಸಿದ್ದರು. ಬೆರಳಚ್ಚು ಕೇಳುವುದು ಕಳ್ಳನನ್ನು ಎಂಬುದು ಅವರ ಸಿಟ್ಟು. ಬೆರಳಿನ ಗುರುತು ತೆಗೆದುಕೊಳ್ಳಲು ತಡವಾಗಲಿಲ್ಲ, ಎದೆಯ ಚಿತ್ರ ತೆಗೆಯಲು ಹತ್ತು ವರ್ಷ ಬೇಕಾಯಿತು.

ಈಗ ಇಂದಿನ ಬಾಗಿಲಿಗೆ ಬರೋಣ. ನೀತಿ ಆಯೋಗದ ಅಂದಾಜಿನಂತೆ 2020-21ರಲ್ಲಿ ದೇಶದಲ್ಲಿ ಡೆಲಿವರಿಯಂಥ ಬಿಡಿ ಕೆಲಸ ಹಿಡಿದು ದುಡಿಯುವ 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029-30ಕ್ಕೆ 2.35 ಕೋಟಿ ಆಗುತ್ತಾರೆ. ಸಾಮಾಜಿಕ ಭದ್ರತಾ ಸಂಹಿತೆ ಅವರನ್ನು ಮೊದಲ ಬಾರಿಗೆ ಹೆಸರಿಟ್ಟು ಕರೆದಿದೆ. ಕರೆದ ಬಗೆ ಮಾತ್ರ ಹೀಗೆ: ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವವರು. ಕಂಪನಿಗಳು ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟನ್ನು, ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 5 ಮೀರದಂತೆ, ನಿಧಿಗೆ ಕಟ್ಟಬೇಕು. ಕರ್ನಾಟಕ 2025ರಲ್ಲಿ ತನ್ನದೇ ಕಾಯ್ದೆ ಮಾಡಿತು: ಪ್ರತಿ ವ್ಯವಹಾರದಲ್ಲಿ ಕಾರ್ಮಿಕರಿಗೆ ಸಿಗುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಮಂಡಳಿ, ಆಪ್‌ನಿಂದ ಕಿತ್ತುಹಾಕುವ ಮುನ್ನ ಲಿಖಿತ ಕಾರಣ. ಕೇಂದ್ರದ್ದಕ್ಕಿಂತ ಇದು ಮುಂದಿನ ಹೆಜ್ಜೆ.

ಆದರೆ ಗಮನಿಸಿ. 1923ರ ಕಾರ್ಮಿಕನಿಗೆ ನಿಧಿ ಇರಲಿಲ್ಲ, ಹಕ್ಕು ಇತ್ತು. ಕಮಿಷನರ್ ಮುಂದೆ ಹೋಗಿ, ನನ್ನ ಹೆಬ್ಬೆರಳು, ಇಷ್ಟು ಶೇಕಡಾ, ಇಷ್ಟು ರೂಪಾಯಿ ಎಂದು ಕೇಳಬಹುದಿತ್ತು. ಇಂದಿನ ಗಿಗ್ ಕಾರ್ಮಿಕನಿಗೆ ನಿಧಿ ಇದೆ, ಅಂಥ ಹಕ್ಕು ಇಲ್ಲ. ಆ ಪಟ್ಟಿ ಸಂಹಿತೆಯಲ್ಲಿ ಈಗಲೂ ಇದೆ, ಹೆಬ್ಬೆರಳಿಗೆ 30, ತೋರುಬೆರಳಿಗೆ 14 ಆಗಿದೆ. ಆದರೆ ಅದು ನೌಕರರ ಅಧ್ಯಾಯದಲ್ಲಿದೆ. ಗಿಗ್ ಅಧ್ಯಾಯದಲ್ಲಿರುವುದು ಸರ್ಕಾರ ರೂಪಿಸಬಹುದಾದ ಯೋಜನೆಗಳು. ಯೋಜನೆ ಬಂದರೆ ಉಂಟು, ಬದಲಾದರೆ ಇಲ್ಲ.

ಹೋದ ವರ್ಷ ನಮ್ಮ ಬೀದಿಯ ಒಬ್ಬ ಡೆಲಿವರಿ ಹುಡುಗ ಮಳೆಯಲ್ಲಿ ಸ್ಕೂಟರ್ ಜಾರಿ ಮಣಿಕಟ್ಟು ಮುರಿದುಕೊಂಡ. ಆಸ್ಪತ್ರೆಯ ಕಾಗದ ತುಂಬಲು ನಾನು ಪಕ್ಕದಲ್ಲಿ ಕೂತಿದ್ದೆ. "ಮಾಲೀಕರ ಹೆಸರು" ಎಂಬ ಕಾಲಂ ಬಂತು. ಅವನು ಮೊಬೈಲ್ ತೆಗೆದು ಆಪ್ ತೋರಿಸಿದ. ಅದರೊಳಗೆ ಕಂಪನಿ ಅವನನ್ನು ಪಾರ್ಟ್‌ನರ್ ಎಂದು ಕರೆದಿತ್ತು. "ಏನ್ ಬರೀಲಿ ಸಾರ್?" ಎಂದ. ಬಿದ್ದಾಗ ಕೈಯಲ್ಲಿ ಆರ್ಡರ್ ಇರಲಿಲ್ಲ. ಆಪ್ ತೆರೆದಿಟ್ಟು, ಮುಂದಿನ ಆರ್ಡರ್ ಬರಲೆಂದು ಹೋಟೆಲುಗಳ ಕಡೆ ಹೋಗುತ್ತಿದ್ದ. ಕಂಪನಿಯ ವಿಮೆ ಆರ್ಡರ್ ಕೈಯಲ್ಲಿದ್ದಾಗ ಮಾತ್ರ ಎಂದು ಫೋನಿನಲ್ಲಿ ಉತ್ತರ ಬಂತು.

ಹೊಸ ಸಂಹಿತೆ ನೌಕರರಿಗೆ ಒಂದು ಒಳ್ಳೆಯ ಮಾತು ಸೇರಿಸಿದೆ: ಮನೆಯಿಂದ ಕೆಲಸಕ್ಕೆ ಹೋಗುವ, ಬರುವ ದಾರಿಯ ಅಪಘಾತವನ್ನೂ ಕೆಲಸದ ಅಪಘಾತವೆಂದೇ ಎಣಿಸಬಹುದು. ಕಾರ್ಖಾನೆಯ ಬಸ್ಸಿಗೆ ಓಡುವವನಿಗೆ ಸಿಗುವ ಈ ರಕ್ಷಣೆ, ರಸ್ತೆಯೇ ಕಾರ್ಖಾನೆಯಾದವನಿಗೆ ಇಲ್ಲ. ರಾಜ್ಯದ ಮಂಡಳಿ ತನ್ನ ಯೋಜನೆಗಳನ್ನು ಬರೆಯುವಾಗ ಎರಡು ಸಾಲು ಸೇರಿಸಲಿ ಎಂಬುದು ನನ್ನ ಒತ್ತಾಯ. ಆಪ್‌ಗೆ ಲಾಗಿನ್ ಆದ ಗಳಿಗೆಯಿಂದ ಲಾಗೌಟ್ ಆಗುವವರೆಗೂ ಅದು ಕೆಲಸದ ಅವಧಿ. ಪೀಣ್ಯದ ಪ್ರೆಸ್ಸಿನವನಿಗೆ ಅನ್ವಯಿಸುವ ಪಟ್ಟಿಯೇ, ಅದೇ ಶೇಕಡಾವಾರು, ಈ ಹುಡುಗನ ಮಣಿಕಟ್ಟಿಗೂ ಅನ್ವಯಿಸುತ್ತದೆ. ಆ ಕಾಗದದಲ್ಲಿ ಮಾಲೀಕರ ಹೆಸರಿನ ಜಾಗವನ್ನು ಅಂದು ನಾವು ಖಾಲಿ ಬಿಟ್ಟು ಕೊಟ್ಟೆವು.